ಕರುಳಿಗೆ ನೀರು: ರೆಸಾರ್ಟಿನ ಡಿಟಾಕ್ಸ್ ಬೇರೆ, ಚಿಕಿತ್ಸೆ ಬೇರೆ

ಕರುಳು ತೊಳೆಸಿಕೊಂಡರೆ ಮೈಯ ವಿಷವೆಲ್ಲ ಹೋಗುತ್ತದೆ ಎಂಬ ಮಾತು ರೆಸಾರ್ಟುಗಳ ಜೊತೆ ಕೊಡಗಿಗೂ ಬಂದಿದೆ. ತೊಳೆದು ತೆಗೆಯುವಂಥ ವಿಷ ಅಲ್ಲಿ ಕೂತಿರುವುದಿಲ್ಲ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಗುದದ್ವಾರದಿಂದ ಕಾಫಿ ಒಳಗೆ ಬಿಡುವ ಕಾಫಿ ಎನಿಮಾದಿಂದ ಗುದನಾಳ ಸುಟ್ಟದ್ದೂ, ಲವಣ ಏರುಪೇರಾಗಿ ಜೀವ ಹೋದದ್ದೂ ದಾಖಲಾಗಿದೆ. ನಮ್ಮ ಕಾಫಿ ಲೋಟದಲ್ಲೇ ಇರಲಿ.

ಈ ಗದ್ದಲದಲ್ಲಿ ನಿಜವಾಗಿ ಬೇಕಾದವರಿಗೆ ಚಿಕಿತ್ಸೆಯ ಸುದ್ದಿಯೇ ತಲುಪುವುದಿಲ್ಲ ಅನ್ನೋದು ನನ್ನ ತಕರಾರು. ಮೆಣಸು ಕೊಯ್ಯುವಾಗ ಏಣಿಯಿಂದಲೋ, ಕೊಂಬೆ ಸವರುವ ಕಪಾತು ಮಾಡುವಾಗ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರನ್ನು ನೆನೆಯಿರಿ. ಕಾಲಷ್ಟೇ ಅಲ್ಲ, ಕರುಳೂ ಹೇಳಿದ ಮಾತು ಕೇಳುವುದಿಲ್ಲ. ಇಂಥವರಿಗೆ, ಮತ್ತೆ ನಾರಿನ ಊಟ, ಇಸಬಗೋಲ್, ಮಲ ಮೆದುಮಾಡುವ ಲ್ಯಾಕ್ಟುಲೋಸ್ ಸಿರಪ್ ಯಾವುದಕ್ಕೂ ಜಗ್ಗದ ಹಳೇ ಮಲಬದ್ಧತೆಯವರಿಗೆ ಗುದದ್ವಾರದಿಂದ ನೀರು ಹಾಯಿಸಿ ಮಲ ಹೊರಬರಿಸುವ ಟ್ರಾನ್ಸ್‌ಏನಲ್ ಇರಿಗೇಶನ್ ಎಂಬ ವಿಧಾನ ಇದೆ. ಅದಕ್ಕೂ ಮೊದಲು ಥೈರಾಯ್ಡ್ ನೋಡಿಸಿ, ಮಲ ಕಟ್ಟಿಸಬಲ್ಲ ಕಬ್ಬಿಣದ ಮಾತ್ರೆ, ನೋವಿನ ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿ. ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ ಇದ್ದರೆ ಕೊಲೊನೋಸ್ಕೋಪಿ (ಕ್ಯಾಮರಾ ಕೊಳವೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಆಗದೆ ನೀರಿನ ಮಾತೇ ಬೇಡ.

ಸಾಮಾನು ಸರಳ: ನೀರಿನ ಚೀಲ, ನಳಿಕೆ, ತುದಿಗೆ ಕೋನ್ ಅಥವಾ ಒಳಗೆ ಉಬ್ಬಿಸಿ ನಿಲ್ಲಿಸುವ ಬಲೂನಿರುವ ಕ್ಯಾತಿಟರ್ (ತೆಳು ಕೊಳವೆ). ಕುಡಿಯಲು ಯೋಗ್ಯವಾದ ನೀರೇ ಆಗಬೇಕು. ಮಳೆಗಾಲದಲ್ಲಿ ಬಾವಿ ಕಲಕಿದ್ದರೆ ಕುದಿಸಿ ಆರಿಸಿಕೊಳ್ಳಿ. ಬಿಸಿ 36ರಿಂದ 38 ಡಿಗ್ರಿ ಸೆಲ್ಸಿಯಸ್. ಕೈ ಅದ್ದಿ ಅಂದಾಜು ಮಾಡಬೇಡಿ, ಮಡಿಕೇರಿಯ ಚಳಿಗೆ ಮರಗಟ್ಟಿದ ಕೈ ಸುಳ್ಳು ಹೇಳುತ್ತದೆ. ಥರ್ಮಾಮೀಟರ್ ಇಡಿ. ನೀರು ತಣ್ಣಗಿದ್ದರೆ ಕರುಳು ಹಿಂಡಿಕೊಂಡು ನೋಯುತ್ತದೆ, ಜಾಸ್ತಿ ಬಿಸಿಯಾದರೆ ಸುಡುತ್ತದೆ.

ಊಟವಾಗಿ ಅರ್ಧ ಗಂಟೆ ಬಿಟ್ಟು ಕಮೋಡಿನ ಮೇಲೆ ಕೂರುವುದು ಒಳ್ಳೆಯದು, ಆಗ ಕರುಳು ತಾನಾಗಿಯೇ ಚುರುಕಾಗಿರುತ್ತದೆ. ನಳಿಕೆಯ ಗಾಳಿ ಹೋಗುವಷ್ಟು ನೀರು ಬಿಟ್ಟು, ತುದಿ ನೆನೆಸಿ ಅಥವಾ ಜೆಲ್ ಹಚ್ಚಿ, ಒತ್ತಾಯವಿಲ್ಲದೆ ಒಳಗಿಡಿ. ದೊಡ್ಡವರಿಗೆ ಸಾಮಾನ್ಯವಾಗಿ 500 ಮಿಲಿಲೀಟರಿನಿಂದ ಶುರು, ನಿಮಿಷಕ್ಕೆ 200–300ಕ್ಕಿಂತ ಜೋರು ಬೇಡ. ಅಗತ್ಯ ನೋಡಿ 100ರಂತೆ ಏರಿಸುತ್ತಾ ಒಂದು ಲೀಟರಿನವರೆಗೆ. ಹೊಟ್ಟೆ ಹಿಂಡಿದರೆ ನಿಲ್ಲಿಸಿ, ತಡೆದು, ನಿಧಾನವಾಗಿ ಮತ್ತೆ ಬಿಡಿ. ತುದಿ ತೆಗೆದ ಮೇಲೆ ಅರ್ಧ ಗಂಟೆಯವರೆಗೂ ಕೂರಬೇಕಾದೀತು. ಅವಸರದಲ್ಲಿ ಎದ್ದವರಿಗೇ ಆಮೇಲೆ ಬಟ್ಟೆ ಒದ್ದೆ.

ಬಿಟ್ಟ ನೀರು ಬರಲೇ ಇಲ್ಲವೆ? ಒಂದೋ ದಿನವಿಡೀ ನೀರು ಕುಡಿಯದೆ ಮೈಯೇ ಅದನ್ನು ಹೀರಿದೆ, ಇಲ್ಲವೇ ಗಟ್ಟಿ ಮಲ ಅಡ್ಡ ಕೂತಿದೆ. ಎರಡನೆಯದಾದರೆ ಇನ್ನಷ್ಟು ನೀರು ಬಿಡಬೇಡಿ, ಮೊದಲು ಅದನ್ನು ಡಾಕ್ಟರ್ ತೆಗೆಸಬೇಕು. ಬಲೂನ್ ಜಾರಿ ಹೊರಬಂದರೆ, ಗುದನಾಳ ಮೊದಲೇ ಮಲದಿಂದ ತುಂಬಿರುವುದು ಅಥವಾ ಬಲೂನನ್ನು ಅತಿಯಾಗಿ ಉಬ್ಬಿಸಿದ್ದು ಕಾರಣ.

ಕರುಳಿನ ಕ್ಯಾನ್ಸರ್, ಅಡಚಣೆ, ಉಲ್ಬಣಿಸಿದ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇರುವವರು, ಆ ಭಾಗದ ಆಪರೇಶನ್ ಆಗಿ ಮೂರು ತಿಂಗಳು ದಾಟದವರು, ಬಸುರಿಯರು ಶುರು ಮಾಡುವಂತಿಲ್ಲ. ಬೆನ್ನುಹುರಿಗೆ ಎದೆಯ ಮಟ್ಟದಲ್ಲೋ ಅದಕ್ಕೂ ಮೇಲೋ ಪೆಟ್ಟಾದವರಿಗೆ ನಡುವೆ ತಲೆ ಸಿಡಿದು, ಬೆವರು ಬಂದರೆ ಬಿಪಿ ಏರುತ್ತಿದೆ ಎಂದೇ ಲೆಕ್ಕ: ತಕ್ಷಣ ತೆಗೆದು ನೆಟ್ಟಗೆ ಕೂರಿಸಿ, ಇಳಿಯದಿದ್ದರೆ ಆಸ್ಪತ್ರೆ. ಕರುಳು ತೂತಾಗುವುದು ತೀರ ಅಪರೂಪ, ಲಕ್ಷಾಂತರ ಬಾರಿಗೊಮ್ಮೆ. ಆದರೂ ಬಿಡದ ಹೊಟ್ಟೆನೋವು, ಜ್ವರ, ಧಾರಾಳ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಮೊದಲ ಸಲ ನರ್ಸ್ ಎದುರಿಗೇ ಮಾಡಿ ಕಲಿಯಬೇಕು. ಹದ ಸಿಗಲು ನಾಲ್ಕರಿಂದ ಹನ್ನೆರಡು ವಾರ ಹಿಡಿಯುತ್ತದೆ, ಎರಡನೇ ವಾರಕ್ಕೇ ಕೈಬಿಡಬೇಡಿ.