ಇಸ್ತ್ರಿ ಮಾಡಿದ ಹತ್ತು ಡಾಲರ್

ಭಾವನವರು ಊರಿಗೆ ಹೊರಟು ಮೂರು ದಿನವಾಯಿತು. ನನ್ನ ಸಿಟ್ಟು ಇನ್ನೂ ಹೊರಟಿಲ್ಲ.

ಇಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ, ಹಳೆಯ ಸಾಮಾನಿನ ಮಾರಾಟವೊಂದರಲ್ಲಿ ಐವತ್ತು ಡಾಲರ್ ತೆತ್ತು ಹತ್ತು ಡಾಲರಿನ ನೋಟೊಂದನ್ನು ತಂದಿದ್ದೆ. ಹೆಂಡತಿಯ ಲೆಕ್ಕದಲ್ಲಿ ನಲವತ್ತು ಡಾಲರ್ ನಷ್ಟ. ಆದರೆ ಕಂದು ಮುದ್ರೆ, ಅಮೆರಿಕದ ಮೊದಲ ಖಜಾನೆ ಮಂತ್ರಿ ಹ್ಯಾಮಿಲ್ಟನ್ ಚಿತ್ರದ ಎಡಕ್ಕೆ ಪುಟ್ಟ ಊರೊಂದರ ಬ್ಯಾಂಕಿನ ಹೆಸರು, ದಪ್ಪ ಕಪ್ಪು ಅಂಕಿಯಲ್ಲಿ ಸರ್ಕಾರ ಅದಕ್ಕೆ ಕೊಟ್ಟ ಸನ್ನದಿನ (ಪರವಾನಗಿಯ) ಸಂಖ್ಯೆ: ನ್ಯಾಷನಲ್ ಬ್ಯಾಂಕ್ ನೋಟು! 1863ರ ಕಾಯ್ದೆಯಿಂದ 1935ರವರೆಗೆ ಸಾವಿರಾರು ಬ್ಯಾಂಕುಗಳು ಖಜಾನೆಯಲ್ಲಿ ಸರ್ಕಾರಿ ಬಾಂಡು ಒತ್ತೆಯಿಟ್ಟು ತಮ್ಮದೇ ಹೆಸರಿನ ನೋಟು ಹೊರಡಿಸುತ್ತಿದ್ದವು. ನೋಟಿನ ಮೇಲಿರುವ 1929 ಬರೀ ಮಾಲಿಕೆಯ, ಅಂದರೆ ಆ ವಿನ್ಯಾಸದ, ವರ್ಷ; ಬೆಲೆ ಕಟ್ಟುವುದು ಊರು. ಸ್ಯಾನ್ ಫ್ರಾನ್ಸಿಸ್ಕೋದ ನೋಟು ಬೇಕಾದಷ್ಟು ಸಿಗುತ್ತದೆ. ನಾಲ್ಕು ಬೀದಿಯ ಊರಿನದಾದರೆ ಜನ ಮುಗಿಬೀಳುತ್ತಾರೆ. ಆಮೇಲೆ ನೋಟಿನ ಸ್ಥಿತಿ.

ಸ್ಥಿತಿಯನ್ನು ಭಾವನವರು ನೋಡಿಕೊಂಡರು.

ಅವರು ಮೈಸೂರು ಬ್ಯಾಂಕಿನ ನಿವೃತ್ತ ಕ್ಯಾಷಿಯರ್. ಸುಕ್ಕು ಕಂಡರೆ ಕೈ ಸುಮ್ಮನಿರದು. ಬಂದ ದಿನವೇ ತಮ್ಮ ಪಂಚೆಗೆ ಇಸ್ತ್ರಿ ಹಾಕಿದರು. ಮರುದಿನ ಕರವಸ್ತ್ರ, ನನ್ನ ಬನಿಯನ್, ಉಡುಗೊರೆ ಸುತ್ತಿ ಬಂದ ಕಾಗದ. ವಿಮಾನದ ಟಿಕೆಟ್ಟಿಗೂ ಒಂದು ಸುತ್ತು. ಇಸ್ತ್ರಿಪೆಟ್ಟಿಗೆ ತಣ್ಣಗಾದದ್ದೇ ನಾನು ಕಾಣೆ.

ನೋಟು ತೋರಿಸಿದಾಗ ಕನ್ನಡಕ ಏರಿಸಿ, ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. "ಇದು ಕ್ಯಾಷಿಯರ್ ಸಹಿ! ನಮ್ಮಲ್ಲಿ ಗವರ್ನರದ್ದು ಇರುತ್ತದೆ. ಮೂವತ್ತು ವರ್ಷ ಎಣಿಸಿದೆ, ಒಂದರಲ್ಲೂ ನನ್ನ ಹೆಸರಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಬ್ಯಾಂಕಿನ ಹೆಸರೂ ಇಲ್ಲ" ಎಂದರು. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿದ್ದು ಅವರಿಗೆ ಇಂದಿಗೂ ಸೂತಕ. ನನಗೂ ಗಂಟಲು ಕಟ್ಟಿತು.

ಅದೇ ಮಧ್ಯಾಹ್ನ, ನಾನು ಅಂಗಡಿಗೆ ಹೋಗಿದ್ದಾಗ, ಆ ಕ್ಯಾಷಿಯರನ ಗೌರವಾರ್ಥ ನೋಟಿಗೆ ನೀರು ಚಿಮುಕಿಸಿ ಇಸ್ತ್ರಿ ಹೊಡೆದಿದ್ದಾರೆ!

ನಾಣ್ಯ ವ್ಯಾಪಾರಿ ಅದನ್ನು ದೀಪಕ್ಕೆ ಹಿಡಿದ, ಓರೆ ಮಾಡಿದ, ಬೆರಳಾಡಿಸಿದ. ಮುದ್ರಣದ ಉಬ್ಬು ಚಪ್ಪಟೆ, ಮಡಿಕೆಯ ಗುರುತು ಮಾತ್ರ ಹಾಗೇ. "ಊರು ಒಳ್ಳೆಯದೇ" ಎಂದ, ಹೆಣ ನೋಡಿ ಬಂದವರು ಮುಖದ ಕಳೆ ಹೊಗಳುವಂತೆ. ಅವನು ಹೇಳಿದ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ.

ನಿನ್ನೆ ಭಾವನವರ ಫೋನು. "ನೋಟು ಮಾರಿದಿರಾ?"

"ಇಲ್ಲ, ಇಟ್ಟುಕೊಂಡಿದ್ದೇನೆ."

"ಒಳ್ಳೆಯದು. ಮಡಚಬೇಡಿ."