ದೋಣಿಗೂ ದಾಹ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನಮ್ಮ ಕಡೆ ಹಾದುಹೋಗುವುದೇನೋ ನಿಜ. ಆದರೆ ಅದರಲ್ಲಿ ನೀರು ಬಂದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಇಂಥ ಸೀಮೆಯಲ್ಲಿ, ನನ್ನ ಮನೆಯ ಅಂಗಳದ ಹುಣಸೆಮರದ ಪಕ್ಕ, ಹದಿನೈದು ಅಡಿ ಉದ್ದದ ಹೆಬ್ಬಲಸಿನ ದೋಣಿಯೊಂದಿದೆ. ದಾರಿಹೋಕರು ನಿಂತು ನೋಡುತ್ತಾರೆ. ಮೊದಲು ದೋಣಿಯನ್ನು, ಆಮೇಲೆ ನನ್ನನ್ನು.

ತಪ್ಪೆಲ್ಲ 2021ರ ನವೆಂಬರ್ ಮಳೆಯದು. ಆ ತಿಂಗಳು ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಹರಿದವು. ನಮ್ಮೂರ ಹೆಂಗಸರು ಗಂಗೆಗೆ ಬಾಗಿನ ಕೊಟ್ಟರು, ಹುಡುಗರು ಮೀನು ಹಿಡಿದರು, ನಿವೃತ್ತ ಮೇಷ್ಟ್ರಾದ ನಾನು ಗಂಗೊಳ್ಳಿಯಲ್ಲಿದ್ದ ಷಡ್ಡಕನಿಗೆ ಫೋನ್ ಮಾಡಿದೆ. ಅಲ್ಲಿ ಫೈಬರ್ ದೋಣಿ ಬಂದ ಮೇಲೆ ಹಳೆಯ ಮರದ ದೋಣಿಯನ್ನು ಕೇಳುವವರು ಕಡಿಮೆಯಂತೆ. ದೋಣಿ ಅಗ್ಗವಾಗಿಯೇ ಸಿಕ್ಕಿತು. ಅದನ್ನು ಘಟ್ಟ ಹತ್ತಿಸಿ ತಂದ ಲಾರಿಯ ಬಾಡಿಗೆ ಮಾತ್ರ ಮೂಗಿಗಿಂತ ಮೂಗುತಿ ಭಾರ.

ಒಂದೂವರೆ ವರ್ಷ ಕೆರೆಯ ನಡುವೆ ಕುಳಿತು ಕಡಲೆಕಾಯಿ ತಿಂದೆ. 2023ರಲ್ಲಿ ಮಳೆ ಕೈಕೊಟ್ಟಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಾದರೂ ನಮ್ಮೂರ ಕೆರೆಗೆ ಆ ಭಾಗ್ಯವೂ ಇಲ್ಲ. ಕೆಸರಿನಲ್ಲಿ ಕುಳಿತ ದೋಣಿಯನ್ನು ಟ್ರ್ಯಾಕ್ಟರ್‌ನಲ್ಲಿ ಮನೆಗೆ ತಂದೆ. ನೀರಿಲ್ಲದಿದ್ದರೆ ದೋಣಿಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಖರ್ಚಿಲ್ಲ ಎಂದು ನಂಬಿದ್ದೆ.

ಮಾರ್ಚ್ ತಿಂಗಳಲ್ಲಿ ಒಂದು ಬೆಳಗ್ಗೆ ಬಗ್ಗಿ ನೋಡಿದರೆ ದೋಣಿಯ ಕೆಳಗಿನ ನೆರಳಿನಲ್ಲಿ ಬಿಸಿಲು ಉದ್ದುದ್ದ ಗೆರೆ ಎಳೆದಿತ್ತು. ಹಲಗೆಗಳು ಒಣಗಿ ಕುಗ್ಗಿ, ಎರಡರ ನಡುವೆ ಬೆರಳುಗುರು ತೂರುವಷ್ಟು ಸಂದಿ ಬಿಟ್ಟಿದ್ದವು. ಒಂದು ಮೂಲೆಯಲ್ಲಿ ಗೆದ್ದಲು ಆಗಲೇ ಮಣ್ಣಿನ ಹಾದಿ ಕಟ್ಟಿತ್ತು. ಷಡ್ಡಕನನ್ನು ಕೇಳಿದರೆ, "ದೋಣಿಯನ್ನು ಒಣಗಲು ಬಿಡುತ್ತಾರೆಯೇ ಭಾವಾ? ಗೆದ್ದಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ. ಸಂದಿಗೆ ಹತ್ತಿಯ ಎಳೆ ತುಂಬಿಸಿ. ಆಮೇಲೆ ಒಳಗೆ ನೀರು ನಿಲ್ಲಿಸಿ, ಮರ ಉಬ್ಬಿ ತಾನೇ ಕೂಡಿಕೊಳ್ಳುತ್ತದೆ" ಎಂದ.

ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ನನ್ನ ಮೊಣಕೈ ಹೇಳಿತು. ಹತ್ತಿಯ ಕಥೆ ಅದಕ್ಕಿಂತ ದಾರುಣ. ದೇವರ ಮನೆಯ ಡಬ್ಬದಲ್ಲಿ ನೀಳವಾದ, ನಯವಾಗಿ ಹೊಸೆದ ಎಳೆಗಳು ಕಣ್ಣಿಗೆ ಬಿದ್ದವು. ಉಳಿಯ ಬೆನ್ನಿನಿಂದ ಬಡಿದು ಬಡಿದು, ಗುಬ್ಬಿಯೂ ಕೊಕ್ಕು ಹಾಕದಷ್ಟು ಬಿಗಿಯಾಗಿ ಸಂದಿಗಳಿಗೆ ತುರುಕಿದೆ. ಅದು ನನ್ನ ಹೆಂಡತಿ ಎರಡು ವರ್ಷದಿಂದ ಲಕ್ಷ ಬತ್ತಿಯ ವ್ರತಕ್ಕೆಂದು ಹೊಸೆಯುತ್ತಿದ್ದ ಬತ್ತಿ. ನಲವತ್ತು ಸಾವಿರದವರೆಗೆ ಬಂದಿತ್ತಂತೆ. ಆ ರಾತ್ರಿ ನನಗೆ ಮುದ್ದೆಯ ಜೊತೆ ಸಾರು ಬರಲಿಲ್ಲ.

ಟ್ಯಾಂಕರ್ ತರಿಸಿ ಮೊಣಕಾಲುದ್ದ ನೀರು ಬಿಟ್ಟೆ. ಮೂರನೆಯ ದಿನ ಮಧ್ಯಾಹ್ನ ಚಟ್ಟೆಂದು ಸದ್ದಾಯಿತು. ಒಣಗಿದ ಮರಕ್ಕೆ ಹತ್ತಿಯನ್ನು ಸಡಿಲವಾಗಿ ತುಂಬಬೇಕು. ಬಿಗಿ ಮಾಡಿದರೆ ಹಲಗೆ ಉಬ್ಬಲು ಜಾಗವಿಲ್ಲದೆ ಮೊಳೆಯನ್ನೇ ಕಿತ್ತುಕೊಂಡು ಎದ್ದೇಳುತ್ತದೆ. ಎದ್ದಿತ್ತು. ನೀರೆಲ್ಲ ಪಕ್ಕದ ಮನೆಯ ಕನಕಾಂಬರದ ಪಾತಿಗೆ ಹೋಯಿತು. ಆ ವರ್ಷ ಅವರ ಹೂವು ಬಹಳ ಚೆನ್ನಾಗಿ ಬಂತು.

ಬಾಗಿಲು ಕಿಟಕಿ ಮಾಡುವ ಬಡಗಿಯನ್ನು ಕರೆಸಿದೆ. ಅವರು ದೋಣಿಯ ಸುತ್ತ ಎರಡು ಸುತ್ತು ಬಂದು, "ಮೇಷ್ಟ್ರೇ, ಬಾಗಿಲಿನಲ್ಲಿ ಸಂದಿ ಉಳಿದರೆ ಗಾಳಿ ಬರಲಿ ಎಂದು ಬಿಟ್ಟೆ ಅನ್ನಬಹುದು. ಇದಕ್ಕೆ ಏನೆಂದು ಹೇಳಲಿ?" ಎಂದು ತಲೆ ಕೆರೆದುಕೊಂಡರು. ಆದರೂ ತಾಮ್ರದ ಮೊಳೆ ಹುಡುಕಿ ತಂದು ಹಲಗೆ ಕೂರಿಸಿಕೊಟ್ಟರು.

ಮತ್ತೆ ಟ್ಯಾಂಕರ್ ಬಂತು. ಮಲಗುವ ಮೊದಲು ಟಾರ್ಚ್ ಹಿಡಿದು ನೋಡಿದೆ, ಒಂದು ಹನಿ ಸೋರಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನೀರು ಅರ್ಧಕ್ಕಿಂತ ಕೆಳಗೆ. ಬಡಗಿಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಬಂದು ದೋಣಿಯ ಹೊಟ್ಟೆಯ ಕೆಳಗೆ ಅಂಗೈ ಆಡಿಸಿ, ಒಣ ಕೈಯನ್ನು ನನಗೆ ತೋರಿಸಿದರು. ಮಾತಾಡದೆ ಪಕ್ಕದ ನೆಲವನ್ನೂ ತೋರಿಸಿದರು. ಹಸಿ ಮಣ್ಣಿನಲ್ಲಿ ಸಾಲಾಗಿ, ಗುಂಡಗೆ, ಬಿಂದಿಗೆಯ ತಳದ ಗುರುತುಗಳು.

"ಎಂಟು ದಿನದಿಂದ ಬೀದಿ ನಲ್ಲಿಯಲ್ಲಿ ನೀರಿಲ್ಲ ಕಣ್ರೀ. ನಾನೇ ತೆಗೆದುಕೊಳ್ಳಿ ಅಂದೆ," ಎಂದು ಒಳಗಿನಿಂದ ನನ್ನವಳ ದನಿ ಬಂತು. ಅವಳು ಮತ್ತೆ ಮೊದಲಿನಿಂದ ಬತ್ತಿ ಹೊಸೆಯುತ್ತಿದ್ದಳು.

ಈಗ ಬೆಳಗ್ಗೆ ಹಾಲಿಗೆ ಹೋದರೆ ಎದುರಾದವರು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. "ಮೇಷ್ಟ್ರೇ, ದೋಣಿಗೆ ಮತ್ತೆ ನೀರು ಯಾವತ್ತು?" ಎನ್ನುತ್ತಾರೆ.