ಮೊಳೆ ಹೋದರೂ ಮಷೀನು ಇದೆಯಲ್ಲ

ಹಳೇ ಲೆಟರ್‌ಪ್ರೆಸ್ಸಿಗೂ (ಉಬ್ಬಿದ ಅಕ್ಷರಕ್ಕೆ ಇಂಕು ಹಚ್ಚಿ ಕಾಗದಕ್ಕೆ ಒತ್ತುವ ಮುದ್ರಣ) ಕಂಪ್ಯೂಟರ್ ಡಿಸೈನಿಗೂ ಆಗಿಬರುವುದಿಲ್ಲ ಅಂತ ಬರೆದಿದ್ದೀರಿ. ನಾನಂತೂ ಒಪ್ಪುವುದಿಲ್ಲ. ಹೋದ ವರ್ಷ ತಂಗಿಯ ಮದುವೆ ಕಾರ್ಡು ಹಾಗೇ ಮಾಡಿಸಿದೆವು. ಅಕ್ಷರ ಕಂಪ್ಯೂಟರಿನಲ್ಲಿ ಜೋಡಿಸಿ, ನೆಗೆಟಿವ್ ತೆಗೆಸಿ, ಅದರಿಂದ ಪಾಲಿಮರ್ ಪ್ಲೇಟ್, ಅಂದರೆ ಪ್ಲಾಸ್ಟಿಕ್ಕಿನಂಥ ಅಚ್ಚು, ಮಾಡಿಸಿದ್ದು. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ, ಅಷ್ಟೇ. ಅದನ್ನು ಚಿಕ್ಕಪೇಟೆ ಹತ್ತಿರದ ಗಲ್ಲಿಯೊಂದರಲ್ಲಿ ಹಳೇ ಟ್ರೆಡಲ್ ಅನ್ನುವ ಅಚ್ಚಿನ ಮಷೀನಿಗೆ ಕೂರಿಸಿದರು. ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸುವ ಕಾಲದಲ್ಲಿ ಒತ್ತಕ್ಷರಕ್ಕೆಲ್ಲ ಬೇರೆ ಬೇರೆ ಮೊಳೆ ಹುಡುಕಬೇಕಿತ್ತು, ಈಗ ಆ ತಲೆನೋವೇ ಇಲ್ಲ. (ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರು ಸಮಾಚಾರ’ಕ್ಕೂ ಮೊಳೆ ಬೇಕಿರಲಿಲ್ಲ ಬಿಡಿ, ಅದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಒತ್ತಿ, ಬಂದದ್ದು.)

ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ಮೊದಲ ಪ್ರೂಫಿನಲ್ಲಿ ‘ಲಕ್ಷ್ಮೀ’ಯ ಒತ್ತು ಇಂಕು ತುಂಬಿ ಬರೀ ಕಪ್ಪು ಚುಕ್ಕೆಯಾಗಿತ್ತು. ಅಕ್ಷರ ಅಷ್ಟು ಸಣ್ಣದು ಮಾಡಿದ್ದು ನಾನೇ, ಇನ್ನೊಂದು ಪ್ಲೇಟಿನ ದುಡ್ಡು ದಂಡ. ಎರಡನೇ ಸಲ ಚೆನ್ನಾಗಿ ಬಂತು. ಆದರೆ ಸವರಿದರೆ ಬೆರಳಿಗೆ ಹಳ್ಳ ಸಿಗಬೇಕು, ಇನ್ನೂ ಜೋರಾಗಿ ಒತ್ತಿ ಅಂದಾಗ ಮಷೀನಿನ ಅಂಕಲ್ ಜೋರಾಗಿ ನಕ್ಕುಬಿಟ್ಟರು. ‘ನಮ್ಮ ಕಾಲದಲ್ಲಿ ಕಾಗದ ಹೀಗೆ ಗುಳಿ ಬಿದ್ದರೆ ಓನರ್ ಬೈತಿದ್ರು ಕಣಪ್ಪಾ, ಈಗಿನವರು ಅದಕ್ಕೇ ಜಾಸ್ತಿ ದುಡ್ಡು ಕೊಡ್ತಾರೆ!’